ಮಣ್ಣಿನಲ್ಲಿ ಮೊಣಕಾಲಿನ ಗುರುತು

"ಬೂಟು ಬಿಟ್ರೂ ಒಳಗ ಬರಂಗಿಲ್ರಿ ಮ್ಯಾಡಮ್. ನಮ್ಮ ಗುರುಗಳ ಕಾಲದಿಂದ ಹೆಣ್ಣುಮಕ್ಕಳು ಈ ಹೊಸ್ತಿಲು ದಾಟಿಲ್ಲ."

ಸಬ್ ಇನ್ಸ್‌ಪೆಕ್ಟರ್ ಭವ್ಯ ಬಗ್ಗಿ ಎರಡನೇ ಬೂಟಿನ ದಾರ ಬಿಚ್ಚುತ್ತಿದ್ದವಳು ಹಾಗೆಯೇ ತಲೆಯೆತ್ತಿದಳು. ಗರಡಿಮನೆಯ ಬಾಗಿಲಿಗೆ ಅಡ್ಡವಾಗಿ ವಸ್ತಾದ್ ಹನುಮಣ್ಣ ನಿಂತಿದ್ದ. ತಲೆ ಪೂರ್ತಿ ನರೆತಿದ್ದರೂ ಭುಜಗಳು ಇನ್ನೂ ಬಾಗಿಲು ತುಂಬುವಷ್ಟಿದ್ದವು. ದನಿಯಲ್ಲಿ ಕೋಪವಿರಲಿಲ್ಲ, ಬೇಡಿಕೊಳ್ಳುವಂತಿತ್ತು.

"ಹೆಣ್ಣುಮಗಳು ಹೊರಗ ನಿಂತಾಳ ಅಂತ ತಿಳ್ಕೊಳ್ರಿ ವಸ್ತಾದ್ರ. ಒಳಗ ಬರಾಕತ್ತಿದ್ದು ಪೊಲೀಸು."

ಹನುಮಣ್ಣ ಹಿಂದಿರುಗಿ ಗೋಡೆಯ ಗೂಡಿನಲ್ಲಿದ್ದ ಹನುಮಂತನನ್ನು ನೋಡಿದ. ಅಲ್ಲಿಂದ ಏನು ಉತ್ತರ ಬಂತೋ, ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ಸರಿದ.

ಭಾನುವಾರ ಬೆಳಿಗ್ಗೆ ಗರಡಿಯ ಬೆಳ್ಳಿ ಗದೆ ಕಾಣೆಯಾಗಿತ್ತು; ಬೀಗ ಒಡೆದಿರಲಿಲ್ಲ; ಎರಡನೇ ಕೀಲಿಕೈ ಇದ್ದದ್ದು ವಸ್ತಾದನ ಮೆಚ್ಚಿನ ಶಿಷ್ಯ ದುರುಗೇಶನ ಹತ್ತಿರ. ಇಷ್ಟರ ಮೇಲೆಯೇ ಹೊಸಪೇಟೆಯ ಹಳೇ ಕೇರಿ ಅವನನ್ನು ಕಳ್ಳನೆಂದು ತೀರ್ಮಾನಿಸಿ, ಚಹಾ ಕುಡಿದು, ಮನೆಗೂ ಹೋಗಿತ್ತು.

ಭವ್ಯಳಿಗೆ ಗದೆಗಿಂತ ದುರುಗೇಶನ ಚಿಂತೆ ಹೆಚ್ಚಾಗಿತ್ತು. ಸಂಡೂರಿನಾಚೆ ಚೋರನೂರಿನವನು. ತಾಯಿ ಎರ್ರೆಮ್ಮ ಕೂಲಿ ಮಾಡಿ ಬೆಳೆಸಿದ ಮಗ. ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾಗಿದ್ದ. ಓಟ, ಪರೀಕ್ಷೆ, ವೈದ್ಯರ ತಪಾಸಣೆ ಎಲ್ಲ ಮುಗಿದು ನಡತೆಯ ಪರಿಶೀಲನೆ ಒಂದೇ ಉಳಿದಿತ್ತು. ಅದು ಸುತ್ತಿ ಬಳಸಿ ಬಂದು ಕುಳಿತದ್ದು ಭವ್ಯಳ ಮೇಜಿನ ಮೇಲೆಯೇ. ಸಂಜೆಯೊಳಗೆ ಅವಳ ವರದಿ ಜಿಲ್ಲಾ ಕಚೇರಿಗೆ ಹೋಗಬೇಕು. ಅಷ್ಟರಲ್ಲಿ ಅವನ ಹೆಸರಿಗೆ ಒಂದು ಎಫ್‌ಐಆರ್ ಅಂಟಿದರೆ, ಖಾಕಿಯನ್ನು ಅವನು ಬೇರೆಯವರ ಮೈಮೇಲೆ ನೋಡಿಕೊಂಡಿರಬೇಕಷ್ಟೆ.

ಈಗ ಬರುವಾಗಲೂ ಅವನು ಗರಡಿಯ ಅಂಗಳದಲ್ಲಿದ್ದ. ಒಳಗೆ ಬೀಗ ಬಿದ್ದಿದ್ದರಿಂದ ಬಿಸಿಲಿನಲ್ಲೇ ಬಸ್ಕಿ ಹೊಡೆಯುತ್ತಿದ್ದ. ಜೀಪು ಕಂಡೊಡನೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯಲು ಹೋಗಿ, ಏನೋ ನೆನಪಾಗಿ, ಕೈಯನ್ನು ಅರ್ಧಕ್ಕೇ ಇಳಿಸಿಬಿಟ್ಟ. ಟವೆಲ್ ಹೆಗಲಿಗೆ ಹಾಕಿಕೊಂಡು ಮಾತಿಲ್ಲದೆ ಹೊರಟುಹೋದ. ಆ ಅರ್ಧಕ್ಕಿಳಿದ ಕೈ ನೋಡಿ ಭವ್ಯಳಿಗೆ ನಿಜವಾಗಿಯೂ ಸಂಕಟವಾಗಿತ್ತು.

"ಎಫ್‌ಐಆರ್ ಯಾವಾಗ ಹಾಕ್ತೀರಿ ಮ್ಯಾಡಮ್?"

ಬಾಗಿಲಲ್ಲಿ ಜಂಬುನಾಥ್. ಗರಡಿ ಸಂಘದ ಕಾರ್ಯದರ್ಶಿ, ಎದುರು ರಸ್ತೆಯ ಲಾಡ್ಜಿನ ಮಾಲೀಕ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಯಾವುದಾದರೊಂದು ಕಟ್ಟಡದ ನಕ್ಷೆ.

"ಹಾಕೂದು ಇದ್ರ ಹಾಕ್ತೀನ್ರಿ. ಇಷ್ಟು ಜಲ್ದಿ ಯಾಕ ನಿಮಗ?"

"ಗದಾ ಇಲ್ದ ನಮ್ಮ ಸಭಾ ನಡಿಯಂಗಿಲ್ಲ, ನಿಮಗ ಗೊತ್ತೈತಿ. ಒಬ್ಬೊಬ್ಬ ಸದಸ್ಯ ಗದಾ ಮುಟ್ಟಿ ಹೂಂ ಅನ್ಬೇಕು, ಇಲ್ಲಾ ಊಹೂಂ ಅನ್ಬೇಕು. ಕೇಸಾತು ಅಂದ್ರ ಮಂದಿಗೆ ಹೇಳಬಹುದು, ಗದಾ ಕಳುವಾಗಿ ಹೋಗೈತಿ, ಈಗ ಕೈ ಎತ್ತಿ ಮುಗಿಸೋಣ ಅಂತ."

ಮುಗಿಸಬೇಕಾದದ್ದು ಏನೆಂದು ಊರಿಗೆಲ್ಲ ಗೊತ್ತಿತ್ತು. ಹೊಸಪೇಟೆ ಜಿಲ್ಲಾ ಕೇಂದ್ರವಾದದ್ದೇ ಆದದ್ದು, ಊರಿಗೆ ಸಂಘ ಕಟ್ಟುವ ಹುಚ್ಚು ಹಿಡಿಯಿತು. ವಾಕರ್ಸ್ ಕ್ಲಬ್, ಲೇಡೀಸ್ ಕ್ಲಬ್, ಸೈಕಲ್ ಬಳಗ, ಡ್ಯಾಮಿನ ಹಿನ್ನೀರಿಗೆ ಹೋಗಿ ಹಕ್ಕಿ ನೋಡುವವರ ಕೂಟ. ಬೆಳಿಗ್ಗೆ ಎದ್ದು ಕೈ ಮೇಲೆತ್ತಿ ನಗುವುದಕ್ಕೂ ಒಬ್ಬ ಅಧ್ಯಕ್ಷ, ಇಬ್ಬರು ಉಪಾಧ್ಯಕ್ಷರು. ಇವರೆಲ್ಲರಿಗೂ ಒಂದೇ ಸೂರು ಬೇಕಾಗಿತ್ತು, ಆ ಸೂರಿಗೆ ಗರಡಿಯ ಜಾಗ ಬೇಕಾಗಿತ್ತು. ಗರಡಿ ಕೆಡವಿ ಮೂರಂತಸ್ತಿನ ಕ್ರೀಡಾಭವನ ಕಟ್ಟುವುದೋ ಬೇಡವೋ ಎಂದು ಗದೆ ಮುಟ್ಟಿ ಹೇಳಬೇಕಾಗಿದ್ದ ಸಭೆ ನಡೆಯಬೇಕಿದ್ದದ್ದು ಅದೇ ಭಾನುವಾರ.

"ನನ್ನನ್ನ ಗರಡಿ ವೈರಿ ಅನ್ಕೋಬ್ಯಾಡ್ರಿ," ಜಂಬುನಾಥ್ ದನಿ ತಗ್ಗಿಸಿದ. "ನಾನೂ ಇದ ಮಣ್ಣಾಗ ಬಿದ್ದು ಎದ್ದವನ. ಆದ್ರ ಕಾಲ ನೋಡ್ಬೇಕಲ್ರಿ. ಅಲ್ಲಿ ನೋಡ್ರಿ, ನನ್ನ ಮಗಳು ಗಂಗಾ. ಮ್ಯಾಟ್ ಕುಸ್ತಿ ಆಡ್ತಾಳ, ಪದಕ ತಂದಾಳ. ಅಭ್ಯಾಸಕ್ಕ ಬಸ್ ಹತ್ತಿ ಬಳ್ಳಾರಿಗೆ ಹೋಗಿಬರ್ತಾಳ. ಮನಿ ಮಗ್ಗಲಾಗ ಗರಡಿ ಐತಿ, ಆಕಿಗೆ ಒಳಗ ಬಿಡಂಗಿಲ್ಲ. ಇದು ಯಾವ ನ್ಯಾಯ್ರಿ?"

ಬಾಗಿಲಿಗೆ ಎದುರಾದ ಗೋಡೆಯಲ್ಲಿ, ಹನುಮಂತನ ಗೂಡಿನ ಪಕ್ಕದಲ್ಲೇ, ಸರಳಿನ ಕಿಟಕಿಯೊಂದಿತ್ತು. ಅದರಾಚೆ ಓಣಿಯಲ್ಲಿ ಸ್ಕೂಟಿ ನಿಲ್ಲಿಸಿಕೊಂಡು ಒಬ್ಬ ಹುಡುಗಿ ಸರಳು ಹಿಡಿದು ನಿಂತಿದ್ದಳು. ಕತ್ತರಿಸಿದ ಕೂದಲು, ಗಟ್ಟಿ ಮುಂಗೈ. ಭವ್ಯ ನೋಡಿದಾಗ ನಗಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ.

ಭವ್ಯಳೂ ಕಂಪ್ಲಿಯ ಗರಡಿಯೊಂದರ ಕಿಟಕಿಯಲ್ಲಿ ಬಾಲ್ಯ ಕಳೆದವಳೇ.

"ಒಂದು ತಾಸು ಕೊಡ್ರಿ," ಅಂದಳು. ಜಂಬುನಾಥ್ ವಾಚು ನೋಡಿಕೊಂಡು ಲಾಡ್ಜಿನ ಕಡೆ ನಡೆದ. ಹುಡುಗಿ ಕಿಟಕಿ ಬಿಟ್ಟು ಕದಲಲಿಲ್ಲ.

ಒಳಗೆ ತಂಪಿತ್ತು. ಎಣ್ಣೆ, ಅರಿಶಿನ, ಹುಳಿ ಮಜ್ಜಿಗೆ ಬೆರೆತ ವಾಸನೆ. ನಡುವೆ ತಗ್ಗಿನಲ್ಲಿ ಅಖಾಡ, ಮೊಣಕಾಲುದ್ದ ಸಂಡೂರು ಗುಡ್ಡದ ಕೆಂಪು ಮಣ್ಣು ತುಂಬಿದ ಕುಸ್ತಿಯ ಗುಂಡಿ. ಮೇಲ್ಮೈಯನ್ನು ಹಲಗೆಯಿಂದ ಎಳೆದು ನುಣ್ಣಗೆ ಮಾಡಲಾಗಿತ್ತು. ಬಾಗಿಲ ಕಡೆಯ ಅಂಚಿನಲ್ಲಿ ಮಾತ್ರ ಒಂದು ಅಂಗೈ ಗುರುತು, ಅದರ ಹತ್ತಿರ ಒಂದು ಸಣ್ಣ ಕುಳಿ. ಅಖಾಡದಿಂದ ಕೊನೆಗೆ ಮೇಲೇರುವವನು ಹನುಮಂತನಿಗೆ ಮುಖ ಮಾಡಿ, ಮೊಣಕಾಲೂರಿ, ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಹೋಗುವ ಪದ್ಧತಿ. ಬೆಳಗಾದರೆ ಆ ಗುರುತು ಅಲ್ಲಿರಲೇಬೇಕು. ಇದ್ದದ್ದರಿಂದಲೇ ಯಾರೂ ಅದನ್ನು ಎರಡನೇ ಸಲ ನೋಡಿರಲಿಲ್ಲ.

ಭವ್ಯ ಕಟ್ಟೆಯ ಮೇಲೆ ಕುಳಿತಳು.

"ವಸ್ತಾದ್ರ, ಭಾನುವಾರದಿಂದ ಈ ಮಣ್ಣು ಯಾಕ ತಿರುವಿಲ್ಲ?"

"ಗದಾ ಬರೋತನ ಅಖಾಡಕ್ಕ ಯಾರೂ ಇಳಿಯಂಗಿಲ್ರಿ. ನೇಮ ಐತಿ."

"ಹಿಂದ ಎಂದಾದ್ರೂ ಗದಾ ಕಳದಿತ್ತೇನು?"

"ಇಲ್ರಿ. ನಮ್ಮ ಗುರುಗಳು ಗೆದ್ದು ತಂದಾಗಿಂದ ಗೂಡು ಬಿಟ್ಟು ಕದಲಿಲ್ಲ."

"ಮತ್ತ ಈ ನೇಮ ಯಾವಾಗ ಹುಟ್ಟಿತ್ರಿ?"

ಹನುಮಣ್ಣ ಕಟ್ಟೆಯ ಇನ್ನೊಂದು ತುದಿಯಲ್ಲಿ ಮೆಲ್ಲಗೆ ಕುಳಿತುಕೊಂಡ.

"ನಮ್ಮ ಮಂದಿ ನಿಮ್ಮ ಅಟ್ಟ ಹುಡುಕಿದ್ರು, ಹಿತ್ತಲ ಬಾವಿ ಹುಡುಕಿದ್ರು. ದುರುಗೇಶನ ರೂಮಿನಾಗ ಹಾಸಿಗಿ ಹರಿದು ನೋಡಿದ್ರು. ಅಖಾಡಕ್ಕ ಮಾತ್ರ ಇಳಿಲಿಲ್ಲ. ನೀವು ಬ್ಯಾಡ ಅಂದ್ರಿ, ಅವರು ಕೈ ಮುಗಿದು ಹಿಂದ ಸರಿದ್ರು."

"ದೇವರ ಜಾಗ ಅದು."

"ಅದಕ್ಕ ಕೇಳಾಕತ್ತೀನಿ. ಕಳ್ಳ ಹೊರಗಿನವ ಆಗಿದ್ರ ಗದಾ ಎತ್ಕೊಂಡು ಓಡತಿದ್ದ. ಗರಡಿಯವ ಆಗಿದ್ರ, ಯಾರೂ ಕೈ ಹಾಕದ ಜಾಗ ಯಾವುದು ಅಂತ ಅವಗ ಚೊಲೊ ಗೊತ್ತಿರತೈತಿ. ಸಭಾ ನಿಂತ್ರ ಯಾರಿಗೆ ಸಮಾಧಾನ ಅನ್ನೂದೂ ನನಗ ಗೊತ್ತೈತಿ."

ಹನುಮಣ್ಣ ಎದ್ದು ಗೂಡಿನ ದೀಪದ ಬತ್ತಿ ಸರಿಮಾಡಿದ. ಬತ್ತಿ ಸರಿಯಾಗಿಯೇ ಇತ್ತು.

"ನೀವು ಸಣ್ಣವರು ಮ್ಯಾಡಮ್. ಈ ಮಾತು ಆಡಬಾರ್ದು."

"ಆಡ್ತಿರಲಿಲ್ರಿ. ಆದ್ರ ಸಂಜಿಗೆ ನಾನು ದುರುಗೇಶನ ವರದಿ ಕಳಿಸಬೇಕು. ಅವನ ಮ್ಯಾಲೆ ಅನುಮಾನ ಐತಿ ಅಂತ ಬರದ್ರ ನೌಕರಿ ಹೋತು. ಇಲ್ಲ ಅಂತ ಬರದ್ರ ನಿಮ್ಮ ಕಾರ್ಯದರ್ಶಿ ಸುಮ್ಮನ ಕುಂದ್ರಂಗಿಲ್ಲ. ಅವನ ತಾಯಿ ನಿನ್ನೆ ಠಾಣೆಗೆ ಬಂದಿದ್ಲು. ಒಳಗ ಬರ್ರಿ, ಕುಂದ್ರಿ ಅಂದ್ರ ಕುಂದರಲಿಲ್ಲ. ನನ್ನ ಮಗ ಅಂಥವ ಅಲ್ಲ ಅಂತ ಸೈತ ಅನ್ನಲಿಲ್ಲ. ನಮ್ಮ ಹುಡುಗಗ ಖಾಕಿ ಒಪ್ಪತೈತಲ್ರಿ ಅಂತ ಕೇಳಿದ್ಲು, ಹೋದ್ಲು. ನಾನು ಏನು ಹೇಳಲಿ ಆಕಿಗೆ?"

ಹೊರಗೆ ಯಾವುದೋ ಕ್ಲಬ್ಬಿನ ಆಟೋ ರಕ್ತದಾನ ಶಿಬಿರದ ಪ್ರಚಾರ ಮಾಡುತ್ತ ಹೋಯಿತು.

"ನಾನ ಇಟ್ಟೀನವ್ವಾ," ಹನುಮಣ್ಣ ಹೇಳಿದ. ಮ್ಯಾಡಮ್ ಎಂಬುದು ಎಲ್ಲೋ ಬಿದ್ದುಹೋಗಿತ್ತು. "ಶನಿವಾರ ಪೂಜಾ ಮುಗಿಸಿ, ನನ್ನ ಪಂಚ್ಯಾಗ ಸುತ್ತಿ, ಅಖಾಡದ ನಟ್ಟನಡುವ ಹೂತೀನಿ."

ಊಹಿಸಿದ್ದೇ ಆದರೂ ಕಿವಿಯಾರೆ ಕೇಳಿದಾಗ ಭವ್ಯಳಿಗೆ ಗೆದ್ದೆನೆಂಬ ಖುಷಿಯಾಗಲಿಲ್ಲ. ಸಿಟ್ಟು ಬಂತು.

"ಮತ್ತ ಇಷ್ಟು ದಿನ ಯಾಕ ಸುಮ್ಮನಿದ್ರಿ? ನಿಮ್ಮ ಕಣ್ಣ ಮುಂದ ಆ ಹುಡುಗಗ ಕಳ್ಳ ಅಂದ್ರಲ್ರಿ ಎಲ್ಲಾರೂ."

"ಸಭಾ ಒಂದು ವಾರ ಮುಂದ ಹೋಗಲಿ ಅಂತ ಮಾಡ್ದೆ. ಮಂದಿ ಸ್ವಲ್ಪ ಕುಂತು ಯೋಚನಿ ಮಾಡ್ಲಿ ಅಂತ. ಕಳುವು ಅಂತ ಹೆಸರು ಬರ್ತೈತಿ, ಪೊಲೀಸ್ರು ಬರ್ತಾರ ಅಂತ ನನ್ನ ತಲಿಗೆ ಹೊಳಿಲಿಲ್ಲ. ಆಮ್ಯಾಲೆ ದಿನಾ ಹೇಳಬೇಕು ಅಂತ ಏಳ್ತಿದ್ದೆ. ಹೇಳಿದ್ರ ಗರಡಿ ಹೋಗತಿತ್ತು. ವಸ್ತಾದ ಕಳ್ಳ ಅಂದ ಮ್ಯಾಲೆ ಗರಡಿ ಬೇಕು ಅನ್ನಾಕ ಯಾರಿಗೆ ಬಾಯಿ ಇರ್ತೈತಿ?" ಅವನ ಕಣ್ಣು ತುಂಬಿತ್ತು. "ಗರಡಿ ಉಳಸಾಕ ಹೋಗಿ ಗರಡಿಯವನ್ನ ಕಳಕೊಂಡೆ. ಸಾಕು. ತಗದು ನಿಮ್ಮ ಕೈಗೆ ಕೊಡ್ತೀನಿ. ನನ್ನ ಹೆಸರು ಬರ್ಕೊಳ್ರಿ, ಅವನ್ನ ಬಿಡ್ರಿ."

ಅವನ ಸಂಕಟ ಸುಳ್ಳಾಗಿರಲಿಲ್ಲ. ಗರಡಿಗೆ ಬೀಗ ಬಿದ್ದರೆ ಕೇರಿಯ ಗಂಡುಮಕ್ಕಳು ಬೆಳಗಿನ ಜಾವ ಎಲ್ಲಿಗೆ ಹೋಗುತ್ತಾರೆಂಬುದು ಭವ್ಯಳಿಗೆ ಠಾಣೆಯ ಅನುಭವದಿಂದ ಗೊತ್ತಿತ್ತು. ಕ್ರೀಡಾಭವನಕ್ಕೆ ಸದಸ್ಯತ್ವ ಬೇಕು; ಗರಡಿಗೆ ಬರಲು ಒಂದು ಲಂಗೋಟಿ ಇದ್ದರಾಯಿತು. ಆದರೆ ಆ ಲಂಗೋಟಿಯ ಮಾತು ಗಂಡುಮಕ್ಕಳಿಗೆ ಮಾತ್ರ ಎನ್ನುವುದೂ ಅಷ್ಟೇ ನಿಜ. ಊರು ಬೆಳೆಯಬೇಕೆನ್ನುವವರಲ್ಲೂ ತಪ್ಪು ಹುಡುಕುವುದು ಸುಲಭವಿರಲಿಲ್ಲ.

ಹನುಮಣ್ಣ ಮೂಲೆಯ ಸಲಿಕೆ ತೆಗೆದುಕೊಂಡು ಅಖಾಡದ ಅಂಚಿಗೆ ಬಂದ.

"ನಿಲ್ರಿ," ಭವ್ಯ ಅಂದಳು.

ಅಲ್ಲಿಯವರೆಗೂ ಅವಳ ಕಣ್ಣು ಆ ಅಂಗೈ ಗುರುತಿನ ಮೇಲೇ ಇತ್ತು. ಏನೋ ಸರಿಯಿಲ್ಲವೆಂದು ಅನಿಸುತ್ತಿತ್ತು, ಏನೆಂದು ತಿಳಿದಿರಲಿಲ್ಲ. ಈಗ ಹನುಮಣ್ಣನ ಕಾಲು ಆ ಜಾಗದ ಮೇಲೆ ಬೀಳುವುದರಲ್ಲಿತ್ತು.

"ಶನಿವಾರ ಗದಾ ಹೂತ ಮ್ಯಾಲೆ ಈ ಮಣ್ಣು ಎಳದವರು ನೀವೇನ್ರಿ?"

"ಹೌದು. ನಾನ ಎಳದು, ಮಣ್ಣು ಮುಟ್ಟಿ ಮ್ಯಾಲೆ ಬಂದೆ."

"ಹೆಂಗ ಮುಟ್ಟಿದ್ರಿ? ಇಲ್ಲೇ ಕಟ್ಟಿ ಮ್ಯಾಲೆ ಮಾಡಿ ತೋರ್ಸ್ರಿ."

ಹನುಮಣ್ಣನಿಗೆ ಅರ್ಥವಾಗಲಿಲ್ಲ. ಆದರೂ ಸಲಿಕೆ ಬದಿಗಿಟ್ಟು ಹನುಮಂತನಿಗೆ ಮುಖ ಮಾಡಿದ. ಎಡ ಮೊಣಕಾಲು ನೆಲಕ್ಕೂರಿದ. ಬಲಗಾಲು ಮಡಚಿ ಪಾದ ಊರಿ, ಬಲಗೈ ನೆಲಕ್ಕೆ ಒತ್ತಿ ಹಣೆಗೆ ಮುಟ್ಟಿಸಿಕೊಂಡ.

"ಯಾವಾಗ್ಲೂ ಎಡಗಾಲ ಏನ್ರಿ?"

"ಎಡಗಾಲ. ಪೈಲ್ವಾನನ ಬಲಗಾಲು ಯಾವಾಗ್ಲೂ ಏಳಾಕ ತಯಾರಿರಬೇಕು. ಗರಡಿಗೆ ಬಂದ ಮೊದಲನೇ ದಿನಾನ ಕಲಸ್ತೀವಿ. ನಿದ್ದಿಗಣ್ಣಾಗೂ ಯಾರೂ ತಪ್ಪಂಗಿಲ್ಲ."

"ಹಂಗಾದ್ರ ಇದನ್ನ ನೋಡ್ರಿ."

ಅವನು ಬಗ್ಗಿ ನೋಡಿದ. ಅಂಗೈ ಬಲಗೈಯದೇ. ಆದರೆ ಮೊಣಕಾಲಿನ ಕುಳಿ ಅದರ ಎಡಕ್ಕಿರಲಿಲ್ಲ. ಅಂಗೈಯ ಹಿಂದೆಯೇ, ಬಲಕ್ಕಿತ್ತು. ಎಡಕ್ಕೆ ಊರಿದ್ದ ಪಾದದ ಬೆರಳುಗಳು ಮಸುಕಾಗಿ ಮೂಡಿದ್ದವು.

ಹನುಮಣ್ಣ ಸಲಿಕೆಯ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡ. "ಇದು ನಂದಲ್ಲ," ಅಂದ ಮೆಲ್ಲಗೆ. "ನನ್ನ ಶಿಷ್ಯರದೂ ಅಲ್ಲ."

"ಹೊರಗಿನ ಕಳ್ಳನದೂ ಅಲ್ರಿ. ಅವ ಮಣ್ಣು ಮುಟ್ಟಿ ಹಣಿಗೆ ಹಚ್ಕೊಂಡು ಹೋಗಂಗಿಲ್ಲ. ಗರಡಿ ಮ್ಯಾಲೆ ಭಕ್ತಿ ಐತಿ, ಪದ್ಧತಿ ಗೊತ್ತೈತಿ, ಆದ್ರ ಯಾರೂ ಕೈ ಹಿಡಿದು ಕಲಿಸಿಲ್ಲ. ಅಂಥವರು ಯಾರು?"

ಕೇಳಿದವಳೇ ಭವ್ಯ ನಕ್ಕಳು, ಸ್ವಲ್ಪ ನೋವಿನಿಂದ. ಉತ್ತರ ಅವಳ ಮೈಯಲ್ಲೇ ಇತ್ತು.

"ಕಂಪ್ಲ್ಯಾಗ ನಮ್ಮ ಸೋದರಮಾವ ಪೈಲ್ವಾನ್ ಇದ್ದ. ನನ್ನ ಒಳಗ ಬಿಡತಿರಲಿಲ್ಲ, ಕಿಟಕಿಯಾಗ ನಿಂತು ನೋಡತಿದ್ದೆ. ಅವರೆಲ್ಲ ನನ್ನ ಕಡೆ ಮುಖ ಮಾಡಿ ಮೊಣಕಾಲು ಊರತಿದ್ರು. ಮನಿಗೆ ಬಂದು ಅಂಗಳದಾಗ ಹಂಗ ಮಾಡತಿದ್ದೆ. ಒಂದಿನ ಮಾವ ನೋಡಿ ಬಿದ್ದು ಬಿದ್ದು ನಕ್ಕ. ಕನ್ನಡಿ ನೋಡಿ ಕಲ್ತಂಗ ಮಾಡ್ತೀಯಲ್ಲೇ, ಕಾಲು ಅದಲು ಬದಲು ಆಗ್ಯಾವು ಅಂದ."

"ಕೈ?"

"ಕೈ ತಪ್ಪಂಗಿಲ್ರಿ. ದೇವರಿಗೆ ಎಡಗೈ ಬ್ಯಾಡ ಅಂತ ಅವ್ವ ಎಳೆತನದಾಗ ಕಲಿಸಿರ್ತಾಳ. ಕಾಲು ಯಾವುದು ಅಂತ ಯಾವ ಅವ್ವಾನೂ ಕಲಸಂಗಿಲ್ಲ. ವಸ್ತಾದ್ರ, ಈ ಎಡ ಬಲ ತಪ್ಪಿದ ಮೊಣಕಾಲು ಗರಡಿ ಒಳಗ ಕಲಿತದ್ದಲ್ಲ. ಕಿಟಕಿಯಿಂದ ಕಲಿತದ್ದು."

ಹನುಮಣ್ಣನ ಕಣ್ಣು ಕಿಟಕಿಯ ಕಡೆ ಹೊರಳಿತು, ಅವಳದೂ. ಸರಳುಗಳ ಹಿಂದೆ ಯಾರೂ ಇರಲಿಲ್ಲ. ಓಣಿಯಲ್ಲಿ ಸ್ಕೂಟಿಯೊಂದು ಚಾಲೂ ಆಗಿ ದೂರವಾದ ಸದ್ದು ಕೇಳಿಸಿತು.

ಆ ಕ್ಷಣ ಹೊರಗೆ ಓಡಿ ಜೀಪು ಹತ್ತಿದ್ದರೆ ಮುಂದಿನದೆಲ್ಲ ಬೇರೆ ದಾರಿ ಹಿಡಿಯುತ್ತಿತ್ತೇನೋ. ಭವ್ಯ ಓಡಲಿಲ್ಲ. ಹುಡುಗಿಯ ಮನೆ ಎದುರು ರಸ್ತೆಯಲ್ಲೇ ಇದೆ, ಎಲ್ಲಿ ಹೋಗುತ್ತಾಳೆ ಅಂದುಕೊಂಡಳು. ಗದೆ ಇದೆಯೋ ಇಲ್ಲವೋ ಮೊದಲು ನೋಡಬೇಕಿತ್ತು. ತನ್ನ ಜಾಣತನ ತನಗೇ ಸ್ವಲ್ಪ ಹಿತವಾಗಿತ್ತೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಬುದ್ಧಿವಂತರು ಎಡವುವುದು ಇಂಥ ಕಡೆಯೇ.

ಆ ಗುರುತಿನ ಫೋಟೊ ತೆಗೆದುಕೊಂಡು, ಮೂಲೆಯಲ್ಲಿದ್ದ ಮಣ್ಣು ಹೊರುವ ಬಾಣಲಿಯನ್ನು ಮೇಲೆ ಮಗುಚಿ ಮುಚ್ಚಿ, "ಅಗೀರಿ" ಅಂದಳು.

ಹನುಮಣ್ಣ ಅಖಾಡದ ನಡುವೆ ಅಗೆದ. ಸ್ವಲ್ಪ ಆಳಕ್ಕೆ ಬಿಳಿ ಬಟ್ಟೆ ಕಂಡಿತು. ಅವನ ಮುಖ ಅರಳಿತು. ಎರಡೂ ಕೈ ಹಾಕಿ ಎಳೆದ. ಪಂಚೆ ಹಗುರವಾಗಿ ಮೇಲೆ ಬಂತು. ಅದನ್ನು ಯಾರೋ ನೀಟಾಗಿ, ಗುಡಿಗೆ ಕೊಡುವ ಬಟ್ಟೆಯನ್ನು ಮಡಚುವಂತೆ, ಮಡಚಿ ಇಟ್ಟಿದ್ದರು. ಒಳಗೆ ಏನೂ ಇರಲಿಲ್ಲ.

ಅವನು ನಂಬಲಿಲ್ಲ. ಪಕ್ಕದಲ್ಲಿ ಅಗೆದ, ಮೂಲೆಯಲ್ಲಿ ಅಗೆದ. ಭವ್ಯ ತೋಳು ಮಡಚಿ ತಾನೂ ಇಳಿದಳು. ಹೆಣ್ಣುಮಗಳು ಅಖಾಡದೊಳಗೆ ನಿಂತು ಮಣ್ಣು ಎತ್ತಿ ಹಾಕುತ್ತಿರುವುದು ಹನುಮಣ್ಣನಿಗೆ ಕಂಡಿರಲೂ ಇಲ್ಲ. ಇಬ್ಬರೂ ಸೇರಿ ಅಖಾಡವನ್ನು ತಳದ ತನಕ ತಿರುವಿ ಹಾಕುವ ಹೊತ್ತಿಗೆ ಬಾಗಿಲ ಬಿಸಿಲು ಹೊಸ್ತಿಲಿನಿಂದ ಕಟ್ಟೆಯವರೆಗೂ ಬಂದಿತ್ತು. ಗದೆ ಎಲ್ಲೂ ಇರಲಿಲ್ಲ.

ಹನುಮಣ್ಣ ಮಣ್ಣಿನಲ್ಲೇ ಕುಳಿತುಬಿಟ್ಟ.

"ನಾನು ಇಟ್ಟಿದ್ದೆ ಅಂತ ಈಗ ಯಾರು ನಂಬ್ತಾರವ್ವಾ? ಶಿಷ್ಯನ್ನ ಉಳಸಾಕ ಮುದುಕ ಕತಿ ಕಟ್ಟ್ಯಾನ ಅಂತಾರ."

ಅದಕ್ಕೆ ಭವ್ಯ ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಠಾಣೆಯಿಂದ ಹೆಡ್ ಕಾನ್‌ಸ್ಟೆಬಲ್ ಶಂಭುಲಿಂಗ. ಯಾವಾಗಲೂ ಆಕಳಿಸುತ್ತ ಮಾತಾಡುವ ಆಸಾಮಿ ಇವತ್ತು ಆಕಳಿಸಲಿಲ್ಲ.

"ಮ್ಯಾಡಮ್, ದುರುಗೇಶ ಬಂದು ಕುಂತಾನ್ರಿ. ಗದಾ ನಾನ ಕದ್ದೀನಿ ಅಂತಾನ."

"ಯಾರು ಕರೆಸಿದ್ರು ಅವನ್ನ?"

"ಯಾರೂ ಇಲ್ರಿ, ತಾನ ಬಂದಾನ. ಸುದ್ದಿ ಹೆಂಗ ಮುಟ್ಟಿತೋ ಏನೋ, ಜಂಬುನಾಥ್ ಅವರೂ ಬಂದು ಕುಂತಾರ. ಇನ್ನೇನು ಬೇಕು ಎಫ್‌ಐಆರ್ ಹಾಕಾಕ ಅಂತ ಅವರೊಂದು ಕಡೆ. ಜಿಲ್ಲಾ ಕಚೇರಿಯಿಂದ ವರದಿ ಎಲ್ಲಿ ಅಂತ ಫೋನ್ ಒಂದು ಕಡೆ."

"ಹೆಂಗ ಕದ್ದೆ ಅಂತಾನ?"

"ವಸ್ತಾದ್ರು ಅಖಾಡದಾಗ ಹೂತಿದ್ರಂತ, ಇವ ಮಣ್ಣಾಗಿಂದ ತಗದ್ನಂತ. ನನಗಂತೂ ತಲಿ ಬುಡ ತಿಳಿಲಿಲ್ರಿ. ವಸ್ತಾದ್ರು ಯಾಕ ಹೂಳ್ತಾರ?"

ಗದೆ ಮಣ್ಣಿನಲ್ಲಿತ್ತೆಂಬುದು ಹೂತವನಿಗೆ, ತೆಗೆದವರಿಗೆ ಮತ್ತು ಈ ಕೋಣೆಯ ಮಾತು ಕೇಳಿದವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

"ಇನ್ನೂ ಏನಂದ?"

"ಅದ ವಿಚಿತ್ರ ನೋಡ್ರಿ. ನಾವು ಕೇಳದನ ಹೇಳಾಕತ್ತಾನ. ಎಡ ಮೊಣಕಾಲಿಗೆ ಪೆಟ್ಟಾಗಿತ್ತಂತ, ಅದಕ್ಕ ಬಲಗಾಲು ಊರಿ ಮಣ್ಣು ಮುಟ್ಟಿದ್ನಂತ. ಮೊಣಕಾಲಿಗೆ ಪಟ್ಟಿನೂ ಸುತ್ಗೊಂಡು ಬಂದಾನ. ಹೊಸಾ ಪಟ್ಟಿ, ಬೆಳ್ಳಗ ಐತಿ. ಬಲಗಾಲು, ಬಲಗಾಲು ಅಂತ ಬರ್ಕೊಳ್ರಿ ಅಂತ ನನ್ನ ತಲಿ ತಿಂತಾನ. ಕಾಲು ಯಾವುದಾದ್ರ ಏನ್ರಿ ಕೇಸಿಗೆ?"

ಬೆಳಿಗ್ಗೆ ಬಿಸಿಲಿನಲ್ಲಿ ಕುಳಿತೇಳುತ್ತಿದ್ದ ಆ ಮೊಣಕಾಲುಗಳು ಭವ್ಯಳ ಕಣ್ಣ ಮುಂದೆ ಬಂದವು. ಅದರ ಜೊತೆಗೇ ಅರ್ಧಕ್ಕಿಳಿದ ಆ ಕೈ. ಮೊಣಕಾಲಿನ ಮಾತು ಅವಳು ಹನುಮಣ್ಣನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಒಂದೇ ಸಲ ಹೇಳಿದ್ದಳು, ಕಿಟಕಿಯಾಚೆ ಕೇಳುವಷ್ಟು ಗಟ್ಟಿಯಾಗಿ. ಬೀಗ ಒಡೆಯದೆ ಒಳಗೆ ಬರಲು ಕಿಟಕಿಯಾಚೆಯವಳಿಗೆ ಇದ್ದದ್ದೂ ದುರುಗೇಶನ ಕೀಲಿಕೈ ಒಂದೇ.

"ಫೋನ್ ಅವನ ಕೈಗೆ ಕೊಡ್ರಿ."

ಉಸಿರಾಟ ಕೇಳಿಸಿತು.

"ದುರುಗೇಶ, ನನ್ನ ಮಾತು ಕೇಳು. ಈಗೂ ಎದ್ದು ಹೊರಗ ಹೋಗು. ನಾನು ಏನೂ ಬರ್ಕೊಂಡಿಲ್ಲ. ಒಂದು ಸಲ ಬರಕೊಂಡ್ರ ಖಾಕಿ ಹೋತು, ತಿಳಿತೇನು?"

"ತಿಳಿದೈತ್ರಿ ಮ್ಯಾಡಮ್." ದನಿ ನಡುಗಲಿಲ್ಲ. "ನೀವು ಬರ್ಕೊಳ್ರಿ. ತಡಾ ಮಾಡಬ್ಯಾಡ್ರಿ."

"ನಿಮ್ಮ ಅವ್ವಗ ನಾನು ಏನು ಹೇಳಲಿ?"

ಬರ್ಕೊಳ್ರಿ ಅಂತ ದುರುಗೇಶ ಮತ್ತೆ ಅದನ್ನೇ ಅಂದ.

"ಸರಿ. ಬರ್ಕೊಳ್ತೀನಿ. ಗದಾ ಎಲ್ಲೈತಿ?"

ಅತ್ತ ಜಂಬುನಾಥ್ ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದುದು ಕೇಳಿಸಿತು, ಮೇಜಿನ ಮೇಲೆ ಲೋಟ ಇಟ್ಟ ಸದ್ದು ಕೇಳಿಸಿತು. ಭವ್ಯ ಮತ್ತೆ ಕೇಳಿದಳು. ದುರುಗೇಶ ಏನೋ ಹೇಳಲು ಹೋಗಿ ನಿಲ್ಲಿಸಿದ. ಆಮೇಲೆ ಫೋನು ಕಟ್ಟಾಯಿತು.

ಹನುಮಣ್ಣ ಮಡಚಿದ ಪಂಚೆಯನ್ನು ಎದೆಗೊತ್ತಿಕೊಂಡು ಅವಳನ್ನೇ ನೋಡುತ್ತಿದ್ದ.

"ಏನಂದವ್ವಾ ಅವ?"

"ಗದಾ ಕದ್ದವ ನಾನ ಅಂತ ಒಪ್ಕೊಂಡಾನ್ರಿ."

"ಎಲ್ಲಿಟ್ಟಾನಂತ?"

ಭವ್ಯ ಮಣ್ಣು ಮೆತ್ತಿದ ಕಾಲಿಗೇ ಬೂಟು ಏರಿಸಿಕೊಳ್ಳುತ್ತ ಖಾಲಿ ಕಿಟಕಿಯನ್ನು ನೋಡಿದಳು.

"ಅದೊಂದನ್ನ ಅವಗ ಯಾರೂ ಹೇಳಿ ಕಳಿಸಿಲ್ರಿ."